ಕೂಜೋ ಮತ್ತು ಚಿಗವ್ವನ ನಾಲ್ಕು ಇಂಜೆಕ್ಷನ್

ಹಾರರ್ ಸಿನಿಮಾ ಅಂದರೆ ದೆವ್ವ, ಹಳೇ ಬಂಗಲೆ, ಮಧ್ಯರಾತ್ರಿ ಅಂದುಕೊಂಡವರು 1983ರ ‘ಕೂಜೋ’ ನೋಡಬೇಕು. ಸ್ಟೀಫನ್ ಕಿಂಗ್ 1981ರಲ್ಲಿ ಬರೆದ ಕಾದಂಬರಿಯನ್ನು ಲೂಯಿಸ್ ಟೀಗ್ ತೆರೆಗೆ ತಂದ ಸಿನಿಮಾ. ಸುಡುವ ಬಿಸಿಲು, ಕೆಟ್ಟು ನಿಂತ ಕಾರು, ಒಳಗೆ ತಾಯಿ ಮತ್ತು ಪುಟ್ಟ ಮಗ, ಹೊರಗೆ ಒಂದು ಸೇಂಟ್ ಬರ್ನಾರ್ಡ್ ನಾಯಿ. ಅಷ್ಟೇ. ಮೊಲದ ಹಿಂದೆ ಓಡಿ ಗವಿಯೊಳಗೆ ಮೂತಿ ತೂರಿಸಿದ ಆ ಬಡಪಾಯಿಗೆ ಬಾವಲಿ ಕಚ್ಚಿ ರೇಬೀಸ್ ಹತ್ತಿರುತ್ತದೆ. ಕಾದಂಬರಿಯಲ್ಲಿ ಮಗು ಉಳಿಯುವುದಿಲ್ಲ. ಸಿನಿಮಾದಲ್ಲಿ ಉಳಿಯುತ್ತದೆ. ಗಂಡ ಬರುತ್ತಾನೆ, ಮೂವರೂ ಒಂದಾಗುತ್ತಾರೆ, ಸಿನಿಮಾ ಮುಗಿಯುತ್ತದೆ.

ನನಗೆ ತಲೆಬಿಸಿ ಶುರುವಾದದ್ದೇ ಅಲ್ಲಿ. ಆ ತಾಯಿಗೆ ನಾಯಿ ಕಚ್ಚಿದೆಯಲ್ಲ? ಗಾಯ ತೊಳೆದವರು ಯಾರು? ಇಂಜೆಕ್ಷನ್‌ಗೆ ಕರೆದುಕೊಂಡು ಹೋದವರು ಯಾರು? ಸಿನಿಮಾದಲ್ಲಿ ನಾಯಿ ಸತ್ತರೆ ಭಯ ಮುಗಿಯಿತು. ನಮ್ಮ ಕಡೆ ನಾಯಿ ಹೋದ ಮೇಲೆಯೇ ಅದು ಶುರುವಾಗುತ್ತದೆ.

ಎರಡು ವರ್ಷದ ಹಿಂದೆ ಇಳಕಲ್ಲಿನ ನಮ್ಮ ಚಿಗವ್ವನಿಗೆ ಓಣಿಯ ನಾಯಿಮರಿಯೊಂದು ಕಾಲಿಗೆ ಬಾಯಿ ಹಾಕಿತು. ಮೀನಖಂಡದ ಮೇಲೆ ಎರಡು ಹನಿ ರಕ್ತ. ನಾನು ಬೆಂಗಳೂರಿನಿಂದ ಫೋನ್ ಮಾಡಿದರೆ, “ಸಣ್ಣ ಕುನ್ನಿ ಐತೋ ತಮ್ಮಾ, ಹಲ್ಲ ತಾಗ್ಯಾವ ಅಷ್ಟ. ಏನೂ ಆಗಂಗಿಲ್ಲ ಬಿಡು” ಅಂದಳು. ಹಿಂದಿನಿಂದ ಆಯಿಯ ದನಿ: “ಸುಣ್ಣಾ ಅರಿಶಿಣಾ ಹಚ್ಚೇನಿ. ದವಾಖಾನಿಗೆ ಹೋದ್ರ ಹೊಟ್ಟಿಗೆ ಹದಿನಾಕ ಸೂಜಿ ಚುಚ್ಚತಾರ!”

ಆಯಿಯ ಮಾತನ್ನು ಮೂಢನಂಬಿಕೆ ಅಂತ ನಗಬೇಡಿ. ಅವಳ ಕಾಲದಲ್ಲಿ ಅದು ನಿಜವೇ ಆಗಿತ್ತು. 1885ರ ಜುಲೈ 6ರಂದು ಲೂಯಿ ಪಾಶ್ಚರ್ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ಮೊದಲ ಲಸಿಕೆ ಕೊಡಿಸಿದ. ನಂತರ ನಮ್ಮ ದೇಶದಲ್ಲಿ ಬಹುಕಾಲ ಬಳಸಿದ್ದು ಕುರಿಯ ಮಿದುಳಿನಿಂದ ತಯಾರಿಸಿದ ಲಸಿಕೆ. ದಿನಕ್ಕೊಂದರಂತೆ ಹೊಟ್ಟೆಗೇ ಚುಚ್ಚಬೇಕಿತ್ತು, ನೋವೂ ಜಾಸ್ತಿ. ಅದರ ತಯಾರಿಕೆ ನಿಂತದ್ದು 2004ರ ಕೊನೆಗೆ. ಲಸಿಕೆ ಬದಲಾಯಿತು, ಆದರೆ ಓಣಿಯಲ್ಲಿ ಆ ಭಯ ಇನ್ನೂ ಹಾಗೇ ಕೂತಿದೆ.

ನಾನು ಕಾಕಾಗೆ ಫೋನ್ ಕೊಡಿಸಿದೆ. “ಕಾಕಾ, ಮೊದ್ಲ ಆ ಸುಣ್ಣಾ ತೆಗೀರಿ. ನಳದ ಕೆಳಗ ಕಾಲಿಟ್ಟು, ಸಬಕಾರ ಹಚ್ಚಿ ಹದಿನೈದ ನಿಮಿಷ ತೊಳೀರಿ. ಆಮ್ಯಾಲ ದವಾಖಾನಿ.” ತೊಳೆದರು, ಹೋದರು. ರಕ್ತ ಬಂದಿದ್ದರಿಂದ ಲಸಿಕೆಯ ಜೊತೆಗೆ ಗಾಯದ ಸುತ್ತಲೇ ಕೊಡುವ ಇಮ್ಯುನೋಗ್ಲಾಬ್ಯುಲಿನ್ ಕೂಡ ಬೇಕು ಅಂದರು. ಅದು ಅಲ್ಲಿ ಇರಲಿಲ್ಲ. ಕಾಕಾ ಬಸ್ ಹತ್ತಿಸಿ ಬಾಗಲಕೋಟೆಗೆ ಕರೆದೊಯ್ದರು. ಹೊಟ್ಟೆಯ ಸುದ್ದಿಯೇ ಇಲ್ಲ, ಲಸಿಕೆ ಎರಡೂ ತೋಳಿಗೆ ಒಂದೊಂದು ಸಣ್ಣ ಚುಚ್ಚು. ಮುಂದಿನವು 3, 7 ಮತ್ತು 28ನೇ ದಿನ.

ಕಷ್ಟ ಇರುವುದು ಈ ಮುಂದಿನ ದಿನಗಳಲ್ಲೇ. ಚಿಗವ್ವ ಕುಣಿಮಗ್ಗದ ನೇಕಾರ್ತಿ. ಸೀರೆ ಇಳಿದರೆ ಮಾತ್ರ ಕೂಲಿ. ಹುನಗುಂದದ ಕಡೆ ಹೊಲಕ್ಕೆ ಹೋಗುವವರದ್ದೂ, ಇಳಕಲ್ಲಿನ ಗ್ರಾನೈಟ್ ಕೆಲಸದವರದ್ದೂ ಇದೇ ಲೆಕ್ಕ. ಏಳನೇ ದಿನಕ್ಕೆ ಗಾಯ ಒಣಗಿತ್ತು. “ಮಾದೈತಲ್ಲೋ, ಇನ್ಯಾಕ?” ಅಂದಳು. ಗಾಯ ಮಾಯುವುದಕ್ಕೂ ವೈರಸ್ಸಿಗೂ ಸಂಬಂಧವಿಲ್ಲ. ಅದು ನರದ ದಾರಿ ಹಿಡಿದು ನಿಧಾನವಾಗಿ ಮಿದುಳಿಗೆ ನಡೆಯುತ್ತದೆ, ಸಾಮಾನ್ಯವಾಗಿ ಎರಡು ಮೂರು ತಿಂಗಳು. ಅಷ್ಟರೊಳಗೆ ಲಸಿಕೆ ಕೆಲಸ ಮುಗಿಸಿರಬೇಕು. ನೀರು ಕಂಡರೆ ಗಂಟಲು ಬಿಗಿಯುವ ಹಂತಕ್ಕೆ ಹೋದರೆ ಯಾವ ದೊಡ್ಡ ಆಸ್ಪತ್ರೆಯೂ ಉಳಿಸಲಾರದು. ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಿದರೆ ಗೊತ್ತಾಗುತ್ತದೆ ಅನ್ನುತ್ತಾರೆ. ನಮ್ಮ ಕುನ್ನಿ ಮೂರನೇ ದಿನಕ್ಕೇ ನಾಪತ್ತೆ. ಹೀಗಾಗಿ ಆ ತಿಂಗಳು ನನ್ನ ಕ್ಯಾಲೆಂಡರ್‌ನಲ್ಲಿ ಆಫೀಸ್ ಮೀಟಿಂಗ್‌ಗಳ ನಡುವೆ “ಚಿಗವ್ವ” ಅಂತ ರಿಮೈಂಡರ್ ಇತ್ತು.

ಜಗತ್ತಿನ ರೇಬೀಸ್ ಸಾವುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ನಮ್ಮ ದೇಶದಲ್ಲೇ ಆಗುತ್ತವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇದಕ್ಕೆ ನಾಯಿಗಳನ್ನು ದ್ವೇಷಿಸಬೇಕಿಲ್ಲ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ಮುಧೋಳ ನಾಯಿ ನಮ್ಮ ಜಿಲ್ಲೆಯದ್ದೇ. ಕೂಜೋ ಕೂಡ ಮೊದಲು ಒಳ್ಳೆಯ ನಾಯಿಯೇ, ಯಾರೋ ಲಸಿಕೆ ಹಾಕಿಸಿರಲಿಲ್ಲ ಅಷ್ಟೇ. ಅಂದಹಾಗೆ, ಲಾಂಗ್ ವೀಕೆಂಡ್‌ಗೆ ಬಾದಾಮಿ ಗುಹೆ ನೋಡಲು ಹೋಗುವ ಗೆಳೆಯರೇ, ಅಲ್ಲಿ ಚಿಪ್ಸ್ ಪ್ಯಾಕೆಟ್ ಕಸಿಯುವ ಮಂಗ ಪರಚಿದರೂ, ಕಚ್ಚಿದರೂ ಇದೇ ನಿಯಮ: ಸೋಪು, ನೀರು, ಆಸ್ಪತ್ರೆ. ಸೆಲ್ಫಿ ಆಮೇಲೆ.

28ನೇ ದಿನ ಸಂಜೆ ಚಿಗವ್ವ ತಾನೇ ಫೋನ್ ಮಾಡಿದಳು. ಇಂಜೆಕ್ಷನ್ ಮುಗಿದ ಸುದ್ದಿ ಒಂದೇ ಮಾತಿನಲ್ಲಿ ಹೇಳಿ, “ಹಿಂದಿನ ಓಣ್ಯಾಗ ಒಂದ ಹುಡುಗಗ ನಾಯಿ ಕಡದೈತಿ. ಅವರವ್ವ ಸುಣ್ಣಾ ಹಚ್ಚಿ ಕುಂತಾಳ. ನಾ ಬೈದ ತೊಳಸೇನಿ. ತಗೋ, ಮಾತಾಡು” ಅಂತ ಫೋನ್ ಆಕೆಯ ಕೈಗೆ ಕೊಟ್ಟಳು.