ತೊಗರಿ ಎಷ್ಟು ಹೋಯಿತು, ಬೇಳೆ ಎಷ್ಟು ಬಂತು?

ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಬಸವಕಲ್ಯಾಣದ ಹೊರಗೆ ಸಸ್ತಾಪುರ ಬಂಗ್ಲಾ ದಾಟಿ ಹುಮನಾಬಾದಿನ ಕಡೆಗೆ ಸಾಗುತ್ತದೆ. ಹಗಲಿರುಳೆನ್ನದೆ ಈ ದಾರಿಯಲ್ಲಿ ಲಾರಿ ಓಡಿಸುವವರ ಕಣ್ಣೆದುರಿಗೆ ಒಂದು ಹಲಗೆ ಇರುತ್ತದೆ. ಡೀಸೆಲ್ ಎಷ್ಟಿದೆ, ಎಂಜಿನ್ ಎಷ್ಟು ಕಾದಿದೆ, ವೇಗ ಎಷ್ಟು ಎಂಬುದನ್ನು ಅದರ ಮೇಲಿನ ಮುಳ್ಳುಗಳು ತೋರಿಸುತ್ತವೆ. ಹಾಗೆಂದು ಡ್ರೈವರ್ ಅದನ್ನೇ ಓದುತ್ತ ಕೂಡುವುದಿಲ್ಲ. ಅವನ ಕಣ್ಣು ರಸ್ತೆಯ ಮೇಲೆ. ನಡುವೆ ಒಮ್ಮೆ ನೋಟ ಹಾಯಿಸಿದರೆ ಸಾಕು. ಬಂಕಿಗೆ ಹೊರಳಿಸಬೇಕೋ, ನೀರು ಹಾಕಬೇಕೋ, ಮುಂದೆ ಸಾಗಬೇಕೋ ತಿಳಿಯುತ್ತದೆ.

ಈ ಹಲಗೆಗೆ ಡ್ಯಾಶ್‌ಬೋರ್ಡ್ ಎಂದು ಹೆಸರು. ಕುದುರೆಗಾಡಿಗಳ ಕಾಲದಲ್ಲಿ ಕುದುರೆಯ ಕಾಲಿನಿಂದ ಸಿಡಿಯುವ ಕೆಸರು ಗಾಡಿಯಲ್ಲಿ ಕೂತವರ ಮೈಗೆ ಹಾರದಿರಲೆಂದು ಮುಂದೆ ಕಟ್ಟುತ್ತಿದ್ದ ಹಲಗೆ ಅದು. ಗಾಡಿ ಹೋಗಿ ಮೋಟಾರು ಬಂತು, ಹೆಸರು ಉಳಿಯಿತು. ಈಗ ಆ ಹೆಸರು ಕಂಪ್ಯೂಟರಿನ ಪರದೆಗೂ ಬಂದಿದೆ. ವ್ಯಾಪಾರದ ಎಲ್ಲ ಅಂಕಿ ಅಂಶಗಳನ್ನೂ ಗೆರೆ, ಕಂಬ, ಚಕ್ರಗಳ ರೂಪದಲ್ಲಿ ಒಂದೇ ಪರದೆಯ ಮೇಲೆ ತೋರಿಸುವುದಕ್ಕೆ ಇಂದು ಡ್ಯಾಶ್‌ಬೋರ್ಡ್ ಎನ್ನುತ್ತಾರೆ. ಎಕ್ಸೆಲ್, ಪವರ್ ಬಿಐ, ಟ್ಯಾಬ್ಲೋ ಮುಂತಾದವು ಅದನ್ನು ಮಾಡುವ ಸಲಕರಣೆಗಳು. ಬಿ.ಕಾಂ., ಬಿಸಿಎ ಓದುವ ಮಕ್ಕಳು ಇವನ್ನು ಕಲಿಯಲು ಹೊರಟಿದ್ದಾರೆ. ಅದಕ್ಕೆ ಫೀಸು ಕಟ್ಟುವ ಪಾಲಕರಿಗೆ ಮಾತ್ರ ಮಕ್ಕಳು ಕಲಿಯುತ್ತಿರುವುದು ಏನೆಂದು ತಿಳಿದಿರುವುದಿಲ್ಲ.

ಸಲಕರಣೆ ಕಲಿಯುವುದು ಕಷ್ಟವೇನಲ್ಲ. ಎರಡು ಮೂರು ತಿಂಗಳು ಬೆನ್ನು ಹತ್ತಿದರೆ ಕೈಗೆ ಬರುತ್ತದೆ. ಕಷ್ಟವಿರುವುದು ಬೇರೆ ಕಡೆ. ಮಾಡಿದ ಪರದೆಯನ್ನು ಯಾರೂ ನೋಡುವುದಿಲ್ಲ. ದೊಡ್ಡ ದೊಡ್ಡ ಕಂಪನಿಗಳಲ್ಲೂ ಇದೇ ಗೋಳು. ಮೊದಲ ವಾರ ಸಾಹೇಬರು ಭೇಷ್ ಎನ್ನುತ್ತಾರೆ, ಎರಡನೆಯ ವಾರ ಕಣ್ಣಾಡಿಸುತ್ತಾರೆ, ಮೂರನೆಯ ವಾರ ಫೋನೆತ್ತಿ "ಏನಾಯಿತಪ್ಪ, ಬಾಯಿಂದ ಹೇಳು" ಎನ್ನುತ್ತಾರೆ. ಅವರು ಕೇಳುವುದು ತಪ್ಪಲ್ಲ. ಅವರಿಗೆ ಬೇಕಾದದ್ದು ಏನಾಯಿತು, ಯಾಕಾಯಿತು, ಈಗೇನು ಮಾಡಬೇಕು ಎಂಬ ಮೂರು ಸಂಗತಿ. ಕಥೆ ಕೇಳುವ ಮಗುವಿಗೂ ಬೇಕಾದವು ಹೆಚ್ಚುಕಡಿಮೆ ಇವೇ.

ಹುಮನಾಬಾದಿನಲ್ಲಿ ಒಂದು ಸಣ್ಣ ಬೇಳೆ ಮಿಲ್ಲು ಇದೆಯೆಂದು ಇಟ್ಟುಕೊಳ್ಳಿ. ಬೀದರ ಜಿಲ್ಲೆ ತೊಗರಿ, ಉದ್ದು, ಹೆಸರು, ಕಡಲೆ ಬೆಳೆಯುವ ನೆಲ. ಆದ್ದರಿಂದ ಊಹೆಗೆ ಕಷ್ಟವಿಲ್ಲ. ಮಾಲೀಕನ ಮಗಳು ಬಸವಕಲ್ಯಾಣದ ಕಾಲೇಜಿನಲ್ಲಿ ಬಿಸಿಎ ಓದುತ್ತಾಳೆ. ಅಪ್ಪನ ಕಿರ್ದಿ, ಖಾತೆ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಒಂದು ಭಾನುವಾರ ಪರದೆ ತೆರೆದು ತೋರಿಸುತ್ತಾಳೆ. ಅದರಲ್ಲಿ ಏನಿಲ್ಲ? ಆವಕ, ಮಾರಾಟ, ಉದ್ರಿ, ಹಮಾಲಿ, ವಿದ್ಯುತ್ತಿನ ಯೂನಿಟ್ಟು, ಗೋಣಿಚೀಲದ ಖರ್ಚು, ಎಲ್ಲವೂ ಉಂಟು. ಇಪ್ಪತ್ತು ಚೌಕಗಳು, ಏಳು ಬಣ್ಣಗಳು, ಮೇಲೆ "ಸಾಪ್ತಾಹಿಕ ಉತ್ಪಾದನಾ ವಿಶ್ಲೇಷಣೆ" ಎಂಬ ತಲೆಬರಹ. ಅಪ್ಪ ಸ್ವಲ್ಪ ಹೊತ್ತು ನೋಡಿ ಒಂದೇ ಮಾತು ಕೇಳುತ್ತಾನೆ: "ಇದೆಲ್ಲಾ ಖರೆ ಅದ ಮಗಳಾ. ಆದ್ರ ಬ್ಯಾಳಿ ಯಾಕ ಕಮ್ಮಿ ಬರ್ಲತ್ತದ?"

ಆ ಪ್ರಶ್ನೆಗೆ ಪರದೆಯಲ್ಲಿ ಉತ್ತರ ಇರಲಿಲ್ಲವೆಂದಲ್ಲ; ಇಪ್ಪತ್ತು ಚೌಕಗಳ ನಡುವೆ ಹೂತುಹೋಗಿತ್ತು. ಮೊದಲ ವಾರ 100 ಕ್ವಿಂಟಲ್ ತೊಗರಿಗೆ 72 ಕ್ವಿಂಟಲ್ ಬೇಳೆ ಬಂದಿತ್ತು, ಎರಡನೆಯ ವಾರ 71, ಮೂರನೆಯ ವಾರ 69 ಎಂದಿಟ್ಟುಕೊಳ್ಳೋಣ. ಹುಡುಗಿಗೆ ಎಷ್ಟು ಇಳಿಯಿತೆಂಬುದು ಗೊತ್ತು, ಯಾಕೆ ಇಳಿಯಿತೆಂಬುದು ಗೊತ್ತಿಲ್ಲ. ಅಪ್ಪನಿಗೆ ಯಾಕೆಂಬುದರ ಅಂದಾಜು ಇದೆ, ಎಷ್ಟೆಂಬುದರ ಲೆಕ್ಕವಿಲ್ಲ. ಇಬ್ಬರೂ ಒಂದು ಕಡೆ ಕೂತಾಗ ಮಾತ್ರ ಕಥೆ ಹುಟ್ಟುತ್ತದೆ.

ತೊಗರಿಯ ಸಿಪ್ಪೆ ಕಾಳಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಲು ಕಾಳನ್ನು ರೋಲರಿನಲ್ಲಿ ಗೀರಿ, ಎಣ್ಣೆ ಸವರಿ, ಅಂಗಳದಲ್ಲಿ ಹರವಿ ಬಿಸಿಲಿಗೆ ಒಣಗಿಸಿ, ಆಮೇಲೆ ಒಡೆಯುತ್ತಾರೆ. ಬಿಸಿಲು ಸಾಲದೆ ಹೋದರೆ ಸಿಪ್ಪೆ ಸಡಿಲವಾಗುವುದಿಲ್ಲ. ಮತ್ತೆ ಮತ್ತೆ ರೋಲರಿಗೆ ಕೊಡಬೇಕಾಗುತ್ತದೆ. ಪ್ರತಿ ಸಲವೂ ಒಂದಿಷ್ಟು ಕಾಳು ನುಚ್ಚಾಗುತ್ತದೆ, ಪುಡಿಯಾಗುತ್ತದೆ. ಕಡಿಮೆಯಾದ ಮೂರು ಕ್ವಿಂಟಲ್ ಗಾಳಿಯಲ್ಲಿ ಮಾಯವಾಗಿಲ್ಲ. ನುಚ್ಚು, ಪುಡಿಯಾಗಿ ದನದ ಮೇವಿನ ಚೀಲ ಸೇರಿದೆ. ಅದಕ್ಕೂ ಬೆಲೆ ಇದೆ, ಆದರೆ ಅದು ಬೇಳೆಯ ಬೆಲೆಯಲ್ಲ.

ಈಗ ಹುಡುಗಿ ಪರದೆಯನ್ನು ಮತ್ತೆ ಕಟ್ಟುತ್ತಾಳೆ. ಇಪ್ಪತ್ತು ಚೌಕಗಳಲ್ಲಿ ಹದಿನೇಳನ್ನು ಒಳಪುಟಕ್ಕೆ ಸರಿಸುತ್ತಾಳೆ. ತಲೆಬರಹದ ಜಾಗದಲ್ಲಿ "ಮೂರು ವಾರದಲ್ಲಿ ನೂರಕ್ಕೆ ಮೂರು ಕ್ವಿಂಟಲ್ ಬೇಳೆ ಕಡಿಮೆ" ಎಂದೇ ಬರೆಯುತ್ತಾಳೆ. ಕೆಳಗೆ ದಿನದಿನದ ಒಂದು ಗೆರೆ. ಮೋಡ ಕವಿದ ದಿನಗಳಿಗೆ ಮಾತ್ರ ಕಡುಬಣ್ಣ, ಉಳಿದವಕ್ಕೆ ಬೂದಿಬಣ್ಣ. ಕೊನೆಗೆ ಒಂದು ಪ್ರಶ್ನೆ: ಮೋಡದ ದಿನ ಕಾಳನ್ನು ಇನ್ನೊಂದು ದಿನ ಅಂಗಳದಲ್ಲೇ ಬಿಟ್ಟರೆ ನಷ್ಟ ಹೆಚ್ಚೋ, ಲಾಭ ಹೆಚ್ಚೋ? ಕಥೆ ಹೇಳುವ ಕಲೆ ಎಂದು ಮ್ಯಾನೇಜ್‌ಮೆಂಟ್ ಪುಸ್ತಕಗಳು ಅಧ್ಯಾಯಗಟ್ಟಲೆ ಹೇಳುವುದರಲ್ಲಿ ಬಹುಪಾಲು ಇಷ್ಟೇ. ಪರದೆಯ ಮೇಲೆ ಬೊಂಬೆ ಕುಣಿಸುವುದನ್ನೂ ಅಂಕಿಗಳು ಹಾರಿ ಬರುವಂತೆ ಮಾಡುವುದನ್ನೂ ಕೆಲವರು ಕಥೆ ಎಂದುಕೊಂಡಿದ್ದಾರೆ. ಅದು ಜಾತ್ರೆಯ ಸೀರಿಯಲ್ ದೀಪ.

ಲೆಕ್ಕಕ್ಕೂ ಕಥೆಗೂ ಇರುವ ನಂಟು ಕಲ್ಯಾಣದ ನೆಲಕ್ಕೆ ಹೊಸದಲ್ಲ. 12ನೇ ಶತಮಾನದಲ್ಲಿ ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದವರು ಬಸವಣ್ಣನವರು. ಬಸವಣ್ಣ ಭಂಡಾರದ ಹಣವನ್ನೆಲ್ಲ ಜಂಗಮರಿಗೆ ಹಂಚಿ ಬರಿದು ಮಾಡಿದ್ದಾನೆಂದು ಮತ್ಸರಿಗಳು ರಾಜನ ಕಿವಿಗೆ ಹಾಕಿದ ಪ್ರಸಂಗ ಪುರಾಣಗಳಲ್ಲಿ ಬರುತ್ತದೆ. ಬಿಜ್ಜಳ ಕರೆಸಿ ಕೇಳುತ್ತಾನೆ. ಭಂಡಾರ ತೆರೆದು ಎಣಿಸಿದರೆ ಒಂದು ಹೊನ್ನೂ ಕಡಿಮೆ ಇಲ್ಲ. ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದ ಬಸವ ಪುರಾಣವನ್ನು ಓದುವವರು ಇದನ್ನು ಪವಾಡವೆಂದು ಓದುತ್ತಾರೆ, ಸರಿಯೇ. ಲೆಕ್ಕದ ವಿದ್ಯಾರ್ಥಿ ಅದರಲ್ಲಿ ಇನ್ನೊಂದನ್ನೂ ಕಾಣಬಹುದು. ಮತ್ಸರಿಗಳು ಹೇಳಿದ್ದೂ ಒಂದು ಕಥೆಯೇ, ಅದೂ ಕೇಳಲು ರುಚಿಯಾದ ಕಥೆ. ಅದಕ್ಕೆ ಇಲ್ಲದೆ ಹೋದದ್ದು ಎಣಿಕೆ. ಎಣಿಕೆ ಇಲ್ಲದ ಕಥೆಗೆ ಊರಿನಲ್ಲಿ ಬೇರೆ ಹೆಸರಿದೆ: ಚಾಡಿ.

ಇನ್ನೊಂದು ತುದಿಯಲ್ಲಿ, ಎಣಿಕೆಗೆ ಜೀವ ತುಂಬಿದವರಲ್ಲಿ ಸ್ವೀಡನ್ನಿನ ವೈದ್ಯ ಹ್ಯಾನ್ಸ್ ರೋಸ್ಲಿಂಗ್ ಹೆಸರು ದೊಡ್ಡದು. ಅವರಿಗೂ ಕರ್ನಾಟಕಕ್ಕೂ ನಂಟಿದೆ. 1972ರಲ್ಲಿ ವಿದ್ಯಾರ್ಥಿಯಾಗಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿಗೆ ಬಂದಿದ್ದರು. ಮೊದಲ ತರಗತಿಯಲ್ಲೇ ಮೂತ್ರಪಿಂಡದ ಒಂದು ಎಕ್ಸ್‌ರೇ ನೋಡಿ ಇಲ್ಲಿನ ಹುಡುಗರು ಕೊಟ್ಟ ವಿವರಣೆ ಕೇಳಿ, ತಪ್ಪಿ ತಜ್ಞರ ತರಗತಿಗೆ ಬಂದೆನೇನೋ ಎಂದುಕೊಂಡರಂತೆ. ಅವರು ತನ್ನಂಥ ವಿದ್ಯಾರ್ಥಿಗಳೇ ಎಂದು ತಿಳಿದಾಗ, ಪಶ್ಚಿಮವೇ ಎಲ್ಲದರಲ್ಲೂ ಮುಂದು ಎಂಬ ನಂಬಿಕೆ ಕಳಚಿಬಿತ್ತು. ಮುಂದೆ 2006ರ ಒಂದು ಭಾಷಣದಲ್ಲಿ ಅವರು ದೇಶಗಳನ್ನು ಬಣ್ಣದ ಗುಳ್ಳೆಗಳಾಗಿ ಪರದೆಯ ಮೇಲೆ ಓಡಿಸಿ, ಯಾವ ದೇಶದಲ್ಲಿ ಮಕ್ಕಳು ಬದುಕುಳಿಯುವುದು ಹೆಚ್ಚಿತು, ಎಲ್ಲಿ ಕುಟುಂಬ ಚಿಕ್ಕದಾಯಿತು ಎಂಬುದನ್ನು ಪಂದ್ಯದ ವೀಕ್ಷಕ ವಿವರಣೆಯಂತೆ ಹೇಳಿದರು. ಮುಂದಿನ ಭಾಷಣಗಳಲ್ಲಿ ಬಟ್ಟೆ ಒಗೆಯುವ ಯಂತ್ರ, ಪ್ಲಾಸ್ಟಿಕ್ ಪೆಟ್ಟಿಗೆಗಳನ್ನೂ ವೇದಿಕೆಗೆ ತಂದರು. 2017ರಲ್ಲಿ ತೀರಿಕೊಳ್ಳುವವರೆಗೂ ಅವರು ಮಾಡಿದ್ದು ಇದೇ ಕೆಲಸ.

ಕಥೆ ಕಟ್ಟಿದವರಿಗೆ ಒಂದು ಹೊಣೆ ಉಂಟು: ಅದನ್ನು ಒಡೆಯಲು ಮೊದಲು ತಾವೇ ಪ್ರಯತ್ನಿಸಬೇಕು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಹಬ್ಬಿದಾಗ ಡಾಕ್ಟರ್ ಜಾನ್ ಸ್ನೋ ಸತ್ತವರ ಮನೆಗಳನ್ನು ನಕ್ಷೆಯ ಮೇಲೆ ಗುರುತಿಸಿದ್ದು, ಅವು ಒಂದು ನೀರಿನ ಪಂಪಿನ ಸುತ್ತ ಮುತ್ತಿಕೊಂಡಿದ್ದು ಹಲವರಿಗೆ ಗೊತ್ತು. ಸ್ನೋ ಅಷ್ಟಕ್ಕೇ ನಿಲ್ಲಲಿಲ್ಲ. ಪಂಪಿನ ಹತ್ತಿರವೇ ಇದ್ದ ಬಿಯರ್ ಕಾರ್ಖಾನೆಯ ಆಳುಗಳು ಯಾಕೆ ಸಾಯಲಿಲ್ಲ ಎಂದು ಹುಡುಕಿದರು. ಅವರಿಗೆ ಕುಡಿಯಲು ಬಿಯರ್ ಸಿಗುತ್ತಿತ್ತು, ಆ ಪಂಪಿನ ನೀರು ಬೇಕಾಗಿರಲಿಲ್ಲ. ಬೇಳೆ ಮಿಲ್ಲಿನ ಹುಡುಗಿಯೂ ಹೀಗೆಯೇ ಕೇಳಿಕೊಳ್ಳಬೇಕು. ಇಳುವರಿ ಕುಸಿದದ್ದು ಮೋಡದಿಂದಲೋ, ಆ ವಾರ ಬೇರೆ ಊರಿನ ಸಣ್ಣಕಾಳು ಬಂದಿತ್ತೋ, ರೋಲರು ಸವೆದಿತ್ತೋ? ಬಿಸಿಲು ಬಂದ ವಾರ ಅದೇ ರಾಶಿಯ ಕಾಳು ಹಾಕಿ ನೋಡಿದರೆ ತಿಳಿಯುತ್ತದೆ. ಗೆರೆಯನ್ನು 0ರಿಂದ ಎಳೆಯುವ ಬದಲು 68ರಿಂದ ಎಳೆದು ಇಳಿತವನ್ನು ಪಾತಾಳದಂತೆ ತೋರಿಸುವ ಆಸೆಯೂ ಆಗುತ್ತದೆ. ಹಾಗೆ ಎಳೆದರೆ ಬದಿಯಲ್ಲೇ ಅದನ್ನು ಬರೆಯಬೇಕು.

ಒಂದೇ ಅಂಕಿಯಲ್ಲಿ ಎಲ್ಲವನ್ನೂ ಕಟ್ಟಿಡುವ ಲೆಕ್ಕಗಳ ಪರಿಚಯವೂ ಈ ಭಾಗದ ಜನರಿಗೆ ಚೆನ್ನಾಗಿದೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 35 ಮಾನದಂಡಗಳನ್ನು ಸೇರಿಸಿ ಆಗಿನ 175 ತಾಲ್ಲೂಕುಗಳಿಗೂ ಒಂದೊಂದು ಸೂಚ್ಯಂಕ ಕೊಟ್ಟಿತು. ರಾಜ್ಯದ ಸರಾಸರಿ 1. ಅದಕ್ಕಿಂತ ಕೆಳಗೆ ಬಿದ್ದವು 114. ಆ ವರದಿ ಇಲ್ಲದಿದ್ದರೆ ಪ್ರಾದೇಶಿಕ ಅಸಮಾನತೆಯ ಕೂಗಿಗೆ ಅಷ್ಟು ಬಲ ಬರುತ್ತಿರಲಿಲ್ಲ. ಹಂಚಿಕೆ ಮಾಡುವ ಸರಕಾರಕ್ಕೆ ಅಂಥ ಅಂಕಿ ಬೇಕು. ಆದರೆ "ಹಿಂದುಳಿದ ತಾಲ್ಲೂಕು" ಎಂಬ ಮಾತನ್ನು ಕೇಳುತ್ತ ಬೆಳೆದ ಹುಡುಗನಿಗೆ ತನ್ನೂರಿನಲ್ಲಿ ಕಡಿಮೆಯಾಗಿರುವುದು ಆಸ್ಪತ್ರೆಯ ಹಾಸಿಗೆಯೋ, ರಸ್ತೆಯೋ, ಬ್ಯಾಂಕೋ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಹೇಳದೆ ಇದ್ದಾಗ, ಕಡಿಮೆ ಇರುವುದು ತಾನೇ ಎಂದು ಅವನು ತಿಳಿದರೆ ಆಶ್ಚರ್ಯವಿಲ್ಲ.

ಮನೆಯಲ್ಲೂ ಹಾಗೆಯೇ. ಮಗುವಿನ ಅಂಕಪಟ್ಟಿ ಪಾಲಕರ ಕೈಗೆ ಬರುವ ಡ್ಯಾಶ್‌ಬೋರ್ಡು. ಎಸ್ಸೆಸ್ಸೆಲ್ಸಿಯ 625ರಲ್ಲಿ ಎಷ್ಟು ಎಂಬ ಒಂದು ಮೊತ್ತ ನೋಡಿ ಪಟ್ಟಿ ಮಡಚಿಡುವ ಮನೆಗಳೇ ಹೆಚ್ಚು. ಅರ್ಧವಾರ್ಷಿಕದಿಂದ ಪೂರ್ವಸಿದ್ಧತಾ ಪರೀಕ್ಷೆಗೆ ಯಾವ ವಿಷಯ ಏರಿತು, ಯಾವುದು ಇಳಿಯಿತು, ಆ ತಿಂಗಳುಗಳಲ್ಲಿ ಮನೆಯಲ್ಲಿ ಏನು ನಡೆದಿತ್ತು ಎಂದು ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದು ನೋಡಿದವರು ವಿರಳ.

ಡ್ಯಾಶ್‌ಬೋರ್ಡ್ ಕಲಿಯುವ ವಿದ್ಯಾರ್ಥಿಗಳಿಗೆ ಅಭ್ಯಾಸಕ್ಕೆಂದು ಸಾಮಾನ್ಯವಾಗಿ ಸಿಗುವುದು ಅಮೆರಿಕದ ಯಾವುದೋ ಅಂಗಡಿಯ ಕುರ್ಚಿ, ಮೇಜು, ಕಾಗದಗಳ ಮಾರಾಟದ ಮಾದರಿ ಲೆಕ್ಕ. ಎಲ್ಲರ ಪ್ರಾಜೆಕ್ಟಿನಲ್ಲೂ ಅದೇ ಅಂಗಡಿ. ಕೆಂಟಕಿಯಲ್ಲಿ ಕಪಾಟು ಯಾಕೆ ಮಾರಾಟವಾಗಲಿಲ್ಲ ಎಂದು ಕೇಳಿದರೆ ಹುಮನಾಬಾದಿನ ಹುಡುಗ ಏನು ಹೇಳಿಯಾನು? ಅವನು ಕೆಂಟಕಿಯನ್ನು ಕಂಡಿಲ್ಲ. ಆದರೆ ತನ್ನ ಕಾಲೇಜಿನ ಹಾಜರಿ ಪುಸ್ತಕವನ್ನು ಬಲ್ಲ.

ಹಳ್ಳಿಯಿಂದ ಬರುವ ಒಬ್ಬ ವಿದ್ಯಾರ್ಥಿನಿಯ ಹಾಜರಿ ಲೆಕ್ಕಶಾಸ್ತ್ರದಲ್ಲಿ ಶೇ. 65 ಎಂದಿಟ್ಟುಕೊಳ್ಳಿ, 40 ತರಗತಿಗಳಲ್ಲಿ 26. ಪರೀಕ್ಷೆಗೆ ಕೂಡಲು ಸಾಮಾನ್ಯವಾಗಿ ಕೇಳುವುದು ಶೇ. 75. ನೋಟೀಸ್ ಬೋರ್ಡಿನ ಮೇಲೆ ಅವಳ ಹೆಸರು ಕೆಂಪುಶಾಯಿಯಲ್ಲಿ ಬರುತ್ತದೆ. ಮನೆಗೆ ಸುದ್ದಿ ಹೋದರೆ ಅವ್ವ ಅಪ್ಪ ಏನೇನೋ ಶಂಕಿಸುತ್ತಾರೆ. ಓದು ಬಿಡಿಸಿ ಮದುವೆಯ ಮಾತು ಎತ್ತಲು ಇಂಥ ಒಂದು ಅಂಕಿ ಸಾಕಾಗುವ ಮನೆಗಳಿವೆ. ಈಗ ತಪ್ಪಿದ ಆ 14 ತರಗತಿಗಳನ್ನು ತಾರೀಖು, ವೇಳೆ ಸಹಿತ ಬರೆದು ನೋಡಿದರೆ ಎಲ್ಲವೂ ಬೆಳಗಿನ ಮೊದಲ ಪಾಠ. ಲೆಕ್ಕಶಾಸ್ತ್ರ ಮಧ್ಯಾಹ್ನ ಇದ್ದ ದಿನ ಒಂದೂ ತಪ್ಪಿಲ್ಲ. ಪಾಠ ಶುರುವಾಗುವುದು ಹತ್ತಕ್ಕೆ, ಅವಳ ಊರಿನ ಬಸ್ಸು ನಿಲ್ದಾಣಕ್ಕೆ ಬರುವುದು ಹತ್ತೂಕಾಲಿಗೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ದುಡ್ಡಿಲ್ಲ, ನಿಜ. ಶೂನ್ಯ ಟಿಕೆಟ್ಟು ಬಸ್ಸನ್ನು ಬೇಗ ತರುವುದಿಲ್ಲ.

ಇಲ್ಲಿಯೂ ಬಿಯರ್ ಕಾರ್ಖಾನೆಯ ಪ್ರಶ್ನೆಯನ್ನು ಕೇಳಲೇಬೇಕು. ಅದೇ ಬಸ್ಸಿನಲ್ಲಿ ಬರುವ ಉಳಿದವರಿಗೂ ಮೊದಲ ಪಾಠವೇ ತಪ್ಪಿದೆಯೇ? ಬೇರೆ ದಾರಿಯ ಬಸ್ಸಿನವರು ಸರಿಯಾಗಿ ಬಂದಿದ್ದಾರೆಯೇ? ಎರಡಕ್ಕೂ ಹೌದು ಎಂದು ಬಂದರೆ ಆ ವಿದ್ಯಾರ್ಥಿಗಳ ಪ್ರಾಜೆಕ್ಟು ಮುಗಿದಂತೆ. ಒಂದು ಪುಟ ಸಾಕು. ಮೇಲೆ ದೊಡ್ಡಕ್ಷರದಲ್ಲಿ ಯಾವ ಬಸ್ಸು, ಎಷ್ಟು ಜನ, ಎಷ್ಟು ಪಾಠ. ನಡುವೆ ತಾರೀಖುಗಳ ಸಾಲು. ಕೆಳಗೆ ಬಸ್ಸು ಇಪ್ಪತ್ತು ನಿಮಿಷ ಮೊದಲು ಬರಲಿ ಎಂಬ ಕೋರಿಕೆ. ಒಂದು ಪ್ರತಿ ಪ್ರಾಂಶುಪಾಲರಿಗೆ, ಇನ್ನೊಂದು ಡಿಪೊ ಮ್ಯಾನೇಜರರಿಗೆ. ವಿದ್ಯಾರ್ಥಿನಿಯರ ಸಹಿಗಳ ಪಕ್ಕದಲ್ಲಿ ಪಾಲಕರ ಸಹಿಗೂ ಜಾಗ ಬಿಟ್ಟಿರಬೇಕು.