ಗಣಕಕ್ಕೆ ಕಾಣದ ಆನೆ

ನಮ್ಮ ಸಕಲೇಶಪುರ ಸೀಮೆಯಲ್ಲಿ ರೈಟ್ರು ಎಂದರೆ ಕಥೆ, ಕವನ ಬರೆಯುವವರಲ್ಲ. ಕಾಫಿ ತೋಟದಲ್ಲಿ ಆಳುಗಳ ಹಾಜರಿ ಹಿಡಿದು, ಕೊಯ್ಲಿನ ತೂಕ ಬರೆದು, ಗೊಬ್ಬರದ ಮೂಟೆ ಎಣಿಸಿ, ವಾರದ ಬಟವಾಡೆ ಮಾಡುವವರು ರೈಟ್ರು. ನಾನು ಬರೆದದ್ದೆಲ್ಲ ಚೆಕ್‌ರೋಲ್ ಪುಸ್ತಕದಲ್ಲೇ ಇದೆ. ಅದಕ್ಕೂ ಓದುಗರಿದ್ದಾರೆ, ಬಟವಾಡೆಯ ಸಂಜೆ ಒಂದು ಗೀಟನ್ನೂ ಬಿಡದೆ ಓದಿಸಿ ಕೇಳುವವರು. ಅಂಥ ನನಗೆ ಬೆಂಗಳೂರಿನ ತಂತ್ರಾಂಶ ಬಳಕೆದಾರರ ಸಮ್ಮೇಳನದ ನಂಟು ಬೆಳೆದದ್ದು ಆನೆಯಿಂದ.

2018ರಲ್ಲಿ ನಮ್ಮ ತೋಟದ ಕಂಪನಿ ಹೊಸ ತಂತ್ರಾಂಶವೊಂದನ್ನು ಕೊಂಡಿತು. ಇ.ಆರ್.ಪಿ. ಎನ್ನುತ್ತಾರೆ. ಸಂಬಳ, ದಾಸ್ತಾನು, ಖರೀದಿ, ಮಾರಾಟ ಎಲ್ಲ ಲೆಕ್ಕವನ್ನೂ ಬೇರೆ ಬೇರೆ ಪುಸ್ತಕದಲ್ಲಿಡದೆ ಒಂದೇ ಕಣಜಕ್ಕೆ ತುಂಬುವ ಏರ್ಪಾಡು. ಇಲ್ಲಿ ಗೋದಾಮಿನಿಂದ ಒಂದು ಮೂಟೆ ಯೂರಿಯಾ ಹೊರಬಿದ್ದರೆ ಅಲ್ಲಿ ಬೆಂಗಳೂರಿನ ಕಚೇರಿಗೆ ಆ ಗಳಿಗೆಯೇ ಗೊತ್ತಾಗುತ್ತದೆ. ಒಳ್ಳೆಯದೇ. ಕಾಫಿ ಮಂಡಳಿಯ ಪೂಲ್ ಪದ್ಧತಿ 1996ರ ಹೊತ್ತಿಗೆ ಮುಗಿದು, ಬೆಳೆದವನೇ ಮಾರಿಕೊಳ್ಳತೊಡಗಿದ ಮೇಲೆ ತೋಟದ ಲೆಕ್ಕ ಮೊದಲಿನಷ್ಟು ಸರಳವಾಗಿ ಉಳಿದಿಲ್ಲ. 2017ರ ಜುಲೈಯಿಂದ ಜಿ.ಎಸ್.ಟಿ. ಬೇರೆ ಬಂತು.

ಆದರೆ ಹಾಜರಿಯ ಪುಟದಲ್ಲಿ ಆ ಯಂತ್ರ ಕೇಳುತ್ತಿದ್ದದ್ದು ಮೂರೇ: ಪೂರ್ತಿ ದಿನ, ಅರ್ಧ ದಿನ, ಗೈರು. ಆನೆ ಬಂದ ದಿನ ಎಂಬುದೊಂದಿದೆಯೆಂದು ಅದಕ್ಕೆ ತಿಳಿದಿರಲಿಲ್ಲ.

ಆಲೂರು, ಸಕಲೇಶಪುರ ತಾಲ್ಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ದೂರದವರಿಗಾಗಿ ಹೇಳುತ್ತೇನೆ. 2014ರಲ್ಲಿ ಆಲೂರು ಭಾಗದಿಂದ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರು. ಆಮೇಲೂ ತೋಟಗಳಲ್ಲಿ ಆನೆ ತಪ್ಪಲಿಲ್ಲ. ಅರಣ್ಯ ಇಲಾಖೆಯವರು ಮೊಬೈಲಿಗೆ ಸಂದೇಶ ಕಳಿಸುತ್ತಾರೆ, ಜೀಪಿನಲ್ಲಿ ಕೂಗಿಕೊಂಡು ಹೋಗುತ್ತಾರೆ. ಆಳುಗಳು ಬುತ್ತಿ ಕಟ್ಟಿಕೊಂಡು ಎಂಟು ಗಂಟೆಗೆ ಬಂದಿರುತ್ತಾರೆ. ಕೆಳಗಿನ ಪಟ್ಟೆಯಲ್ಲಿ ಹಿಂಡು ನಿಂತಿರುತ್ತದೆ. ಗೋದಾಮಿನ ಜಗಲಿಯ ಮೇಲೆ ಹನ್ನೊಂದು, ಹನ್ನೆರಡರವರೆಗೆ ಕೂತೇ ಇರಬೇಕು. ಅಂಥ ದಿನ ಪೂರ್ತಿ ಸಂಬಳ ಕೊಡುವುದು ನಮ್ಮ ತೋಟದ ಹಳೆಯ ರೂಢಿ. ಚೆಕ್‌ರೋಲಿನಲ್ಲಿ ಕೆಂಪು ಶಾಯಿಯಲ್ಲಿ ‘ಆ’ ಎಂದು ಬರೆದರೆ ಮುಗಿಯುತ್ತಿತ್ತು.

ಯಂತ್ರ ಹಾಗಲ್ಲ. ಪೂರ್ತಿ ದಿನ ಎಂದು ತುಂಬಿದರೆ ಯಾವ ಪಟ್ಟೆ, ಯಾವ ಕೆಲಸ, ಎಷ್ಟು ಗಿಡ ಎಂದು ಕೇಳುತ್ತದೆ. ಉತ್ತರವಿಲ್ಲದಿದ್ದರೆ ತಾನಾಗಿ ಅರ್ಧ ದಿನಕ್ಕೆ ಇಳಿಸುತ್ತದೆ. ಅರ್ಧ ದಿನವೆಂದರೆ ಕೂಲಿಯಷ್ಟೇ ಹೋಗುವುದಲ್ಲ. ತೋಟದಲ್ಲಿ 20 ದಿನ ದುಡಿದರೆ 1 ದಿನ ಸಂಬಳದ ರಜೆ. ಬೋನಸ್ಸಿನ ಲೆಕ್ಕ ನಡೆಯುವುದೂ ವರ್ಷದ ಗಳಿಕೆಯ ಮೇಲೆ. ಆನೆ ಮುರಿದ ಗಿಡಕ್ಕೆ ಪರಿಹಾರ ಕೇಳಲು ಅರ್ಜಿಯಿದೆ, ಜಗಲಿಯ ಮೇಲೆ ಕಳೆದ ಬೆಳಗಿಗೆ ಏನಿದೆ? ಸಹಾಯವಾಣಿಗೆ ಫೋನು ಮಾಡಿದರೆ ‘ಟಿಕೆಟ್ ನಂಬರ್’ ಕೊಡುತ್ತಿದ್ದರು. ಬಸ್ಸಿನಲ್ಲಾದರೆ ಟಿಕೆಟ್ ಕೊಟ್ಟ ಮೇಲೆ ಯಾವಾಗಲಾದರೂ ಊರು ಬರುತ್ತದೆ. ಅಷ್ಟು ದಿನವೂ ನಾನು ಹಳೆಯ ಪುಸ್ತಕದಲ್ಲಿ ಕೆಂಪು ‘ಆ’ ಬರೆದಿಟ್ಟೆ. ಮ್ಯಾನೇಜರು ವ್ಯತ್ಯಾಸದ ಹಣವನ್ನು ಬೇರೆ ವೋಚರಿನಲ್ಲಿ ಕೊಡಿಸುತ್ತಿದ್ದರು. ಹಣ ಸಿಕ್ಕಿತು, ರಜೆಯ ಲೆಕ್ಕ ಮಾತ್ರ ಕುಂಟುತ್ತಲೇ ಇತ್ತು.

2019ರಲ್ಲಿ ಆ ತಂತ್ರಾಂಶ ಬಳಸುವವರ ಸಭೆಗೆ ಕರೆ ಬಂತು. “ನಾನು ಹೋಗಿ ಏನ್ ಹೇಳ್ಲಿ ರೈಟ್ರೇ, ಹಾಜರಿ ತುಂಬೋರು ನೀವು. ನೀವೇ ಹೋಗ್ಬನ್ನಿ” ಎಂದರು ಮ್ಯಾನೇಜರು. ಇಂಥ ಸಭೆಗಳಿಗೆ ದೊಡ್ಡವರೇ ಹೋಗಿ ಊಟ ಮಾಡಿ ಬರುವುದು ಹೆಚ್ಚು ಕಂಪನಿಗಳ ಕ್ರಮ. ಕೀಲಿಮಣೆ ಕುಟ್ಟುವವನನ್ನು ಕಳಿಸಿದ ಅವರ ಬುದ್ಧಿಯನ್ನು ನಾನು ಈಗಲೂ ಮೆಚ್ಚುತ್ತೇನೆ.

ಇಂಥ ಕೂಟಗಳು ನಿನ್ನೆ ಮೊನ್ನೆಯವಲ್ಲ. 1955ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಸುತ್ತಿನಲ್ಲಿ ಐ.ಬಿ.ಎಂ. 704 ಎಂಬ ಗಣಕದ ಬಳಕೆದಾರರು, ಅವರಲ್ಲಿ ವಿಮಾನ ಕಟ್ಟುವ ಕಂಪನಿಗಳೇ ಮುಖ್ಯ, ಎಲ್ಲರೂ ಒಂದೇ ಕೆಲಸಕ್ಕೆ ಬೇರೆ ಬೇರೆ ಕ್ರಮವಿಧಿ ಬರೆದು ಸುಸ್ತಾಗಿ, ‘ಷೇರ್’ ಎಂಬ ಕೂಟ ಕಟ್ಟಿಕೊಂಡರು. ಪೈಪೋಟಿಯವರೇ ಒಟ್ಟಿಗೆ ಕೂತರು. ಜರ್ಮನಿಯ ಸ್ಯಾಪ್ ತಂತ್ರಾಂಶದ ಬಳಕೆದಾರರು ಅಮೆರಿಕದಲ್ಲಿ 1991ರಲ್ಲಿ, ಜರ್ಮನಿಯಲ್ಲಿ 1997ರಲ್ಲಿ ಸಂಘ ಮಾಡಿಕೊಂಡರು. ನಮ್ಮ ದೇಶದಲ್ಲಿ ಒರೇಕಲ್ ಬಳಸುವವರ ವಾರ್ಷಿಕ ಸಮ್ಮೇಳನದ ಹೆಸರೇ ಸಂಗಮ್. ಕಾಫಿಯವರಿಗೆ ಇದು ಹೊಸದಾಗಿ ಕಾಣಬೇಕಿಲ್ಲ. ದಕ್ಷಿಣ ಭಾರತದ ತೋಟಗಾರರ ಒಕ್ಕೂಟವಾದ ಉಪಾಸಿ ಹುಟ್ಟಿದ್ದು 1893ರಲ್ಲಿ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಒಂದು ತಳಿ ಕೊಟ್ಟರೆ, ನಮ್ಮ ಇಳಿಜಾರಿನಲ್ಲಿ ಅದು ಹೇಗೆ ನಿಂತಿತು, ಕಾಂಡಕೊರಕ ಎಷ್ಟು ತಿಂದಿತು ಎಂದು ಹೇಳಬೇಕಾದವನು ಬೆಳೆಗಾರನೇ. ತಂತ್ರಾಂಶವೂ ಒಂದು ತಳಿ.

ಸಭೆಯ ಭಾಷಣಗಳ ಬಗ್ಗೆ ಹೇಳಲು ಹೆಚ್ಚಿಲ್ಲ. ಎಲ್ಲ ಇಂಗ್ಲಿಷು, ಎಲ್ಲ ಬಣ್ಣದ ಚಿತ್ರ, ಅರ್ಧ ಮಾರಾಟದ ಮಾತು. ನಿಜವಾದ ಸಭೆ ನಡೆದದ್ದು ಊಟದ ಸಾಲಿನಲ್ಲಿ, ಕನ್ನಡದಲ್ಲಿ. ನನ್ನ ಮುಂದೆ ತಟ್ಟೆ ಹಿಡಿದು ನಿಂತಿದ್ದವರು ಸಿದ್ಧ ಉಡುಪು ಕಾರ್ಖಾನೆಯೊಂದರ ಟೈಮ್ ಆಫೀಸಿನ ಹೆಣ್ಣುಮಗಳು. ನನ್ನ ಕಥೆ ಕೇಳಿ ನಗುತ್ತಾರೆಂದುಕೊಂಡೆ. “ನಿಮ್ಗೆ ಆನೆ ಸಾರ್, ನಮ್ಗೆ ಕರೆಂಟು” ಎಂದರು. ವಿದ್ಯುತ್ತು ಹೋದರೆ ಹೊಲಿಯುವವರು ಯಂತ್ರದ ಮುಂದೆ ಸುಮ್ಮನೆ ಕೂತಿರುತ್ತಾರೆ. ಅವರ ಹಾಜರಿಗೂ ಅದೇ ಗತಿ. ಮಂಡ್ಯ ಕಡೆಯ ಸಕ್ಕರೆ ಕಾರ್ಖಾನೆಯವರೊಬ್ಬರು ಅನ್ನ ಕಲಸುತ್ತಲೇ ಸೇರಿಕೊಂಡರು: ಕಬ್ಬಿನ ಗಾಡಿ ಬಾರದ ಪಾಳಿ. ಮಂಗಳೂರಿನವರಿಗೆ ಮಳೆ.

ಮಧ್ಯಾಹ್ನ ಬಳಕೆದಾರರ ಬೇಡಿಕೆಗಳಿಗೆ ಕೈ ಎತ್ತಿಸುವ ಕಲಾಪವಿತ್ತು. ಹೆಚ್ಚು ಕೈ ಎದ್ದದ್ದು ಮುಂದಿನ ಆವೃತ್ತಿಗೆ ಹೋಗುತ್ತದೆ. ನಾನು ಚೀಟಿಯಲ್ಲಿ ‘ಆನೆ ಬಂದ ದಿನದ ಹಾಜರಿ’ ಎಂದು ಬರೆಯಹೊರಟಿದ್ದೆ. ಆ ಹೆಣ್ಣುಮಗಳು ತಡೆದರು. “ಆನೆ ಅಂದ್ರೆ ನಿಮ್ದೊಂದೇ ಕೈ ಸಾರ್” ಎಂದು ಪೆನ್ನು ತೆಗೆದುಕೊಂಡು, ‘ಹಾಜರಿದ್ದೂ ಕೆಲಸ ಸಾಧ್ಯವಾಗದ ದಿನ’ ಎಂಬರ್ಥದ ಇಂಗ್ಲಿಷ್ ಬರೆದರು. ಅರ್ಧ ಸಭಾಂಗಣದ ಕೈ ಎದ್ದಿತು. ಗೆದ್ದದ್ದು ನಿಜ, ಆನೆಯ ಹೆಸರು ಹೋದದ್ದು ನನಗೆ ಸ್ವಲ್ಪ ಕಸಿವಿಸಿಯೇ ಆಯಿತು. ಆದರೆ ಸಹಾಯವಾಣಿಗೆ ಒಂದು ವರ್ಷ ಕೂಗಿ ಹೇಳಿದರೂ ಆಗದ್ದು ಊಟದ ಸಾಲಿನ ಕಾಲು ಗಂಟೆಯಲ್ಲಿ ಆಗಿತ್ತು.

2020ರಲ್ಲಿ ಕೊರೋನಾ ಬಂದು ಸಭೆ ಫೋನಿನೊಳಗೇ ನಡೆಯಿತು. ಕಣದ ಮೂಲೆಯಲ್ಲಿ ಮಾತ್ರ ಸಿಗ್ನಲ್. ಛತ್ರಿ ಹಿಡಿದು ನಿಂತು ಕೇಳಿದೆ. ಮರುವರ್ಷ ಹೊಸ ಕಲಮು ಬಂತು. ಅದರಲ್ಲಿ ಕಾರಣ ತುಂಬಲು ಒಂದು ಖಾಲಿ ಮನೆ ಇಟ್ಟಿದ್ದಾರೆ. ನಾನು ಅಲ್ಲಿ ಆನೆ ಎಂದೇ ತುಂಬುತ್ತೇನೆ. ಬೆಂಗಳೂರಿನ ಕಚೇರಿಯವರು ತಿಂಗಳ ಕೊನೆಗೆ ಅದನ್ನು ಓದಲೇಬೇಕು. ರಜೆಯ ಲೆಕ್ಕ ಈಗ ಸರಿಯಾಗಿದೆ.

ಈ ಸಲ ನಾನು ಒಯ್ಯುವ ಚೀಟಿ ಬೇರೆ. ಸಂಬಳದ ಪಟ್ಟಿ ಇಂಗ್ಲಿಷಿನಲ್ಲೇ ಅಚ್ಚಾಗುತ್ತದೆ. ಕನ್ನಡದಲ್ಲಿ ಬೇಕು, ಕೊಯ್ಲಿಗೆ ಅಸ್ಸಾಮಿನಿಂದ ಬರುವವರಿಗೆ ಅವರ ಭಾಷೆಯಲ್ಲಿ ಬೇಕು. ಉಡುಪು ಕಾರ್ಖಾನೆಯ ಆ ಹೆಣ್ಣುಮಗಳಿಗೆ ಫೋನು ಮಾಡಿದ್ದೆ. ಅವರಲ್ಲಿಗೆ ಒಡಿಶಾದಿಂದ ಬರುವವರು ಹೆಚ್ಚಂತೆ. “ಒಟ್ಟಿಗೇ ಬರೆಯೋಣ ಸಾರ್, ಬೇಗ ಬನ್ನಿ” ಎಂದಿದ್ದಾರೆ.