ಬಯಲಿನಂಚಿನಲ್ಲಿ ಒಂದು ಹಿಡಿ ಕಡಲು

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು—ಹಾವೇರಿ ಜಿಲ್ಲೆಯ ಈ ನಾಲ್ಕು ಊರುಗಳಲ್ಲಿ ಯಾವುದರಿಂದಲೂ ಕಡಲು ಕಾಣಿಸದು. ಇವುಗಳಲ್ಲಿ ಪಶ್ಚಿಮಕ್ಕಿರುವ ಹಾನಗಲ್ಲಿನಿಂದ ಹೊರಟವರೂ ಶಿರಸಿಯನ್ನು ದಾಟಿ, ದೇವಿಮನೆ ಘಟ್ಟವನ್ನಿಳಿದು, ನೂರು ಕಿಲೋಮೀಟರಿಗೆ ಮಿಕ್ಕ ಹಾದಿಯನ್ನು ಸವೆಸಿದ ಮೇಲೆಯೇ ಕುಮಟೆಯ ತೆಂಗಿನ ತೋಟಗಳ ನಡುವೆ ಉಪ್ಪುಗಾಳಿಯನ್ನು ಮೂಸಬೇಕು. ಕೆರೆಯ ನೀರನ್ನೇ ನಂಬಿ ಬಾಳಿದ ಸೀಮೆಯಿದು. ಹಿರೇಕೆರೂರಿನ ಹೆಸರಿನಲ್ಲಿಯೇ ಕೆರೆಯಿದೆ. ಹಾನಗಲ್ಲಿಗೆ ಆನೆಕೆರೆಯಿದೆ, ಧರ್ಮಾ ನದಿಯಿದೆ. ನವಾಬರಾಳಿದ ಸವಣೂರಿಗೆ ಮೋತಿ ತಲಾಬಿದೆ. ಇಂಥ ಊರಿನ ಗೃಹಸ್ಥನೊಬ್ಬನು ತನ್ನ ಪಡಸಾಲೆಯ ಗಾಜಿನ ತೊಟ್ಟಿಯಲ್ಲಿ ಸಮುದ್ರದ ಮೆದುಹವಳವನ್ನು ಸಾಕಬಯಸಿದರೆ ಅದು ಬದುಕೀತೆ?

ಬದುಕೀತು. ಹವಳಕ್ಕೆ ಬೇಕಾದುದು ಕಡಲಿನ ಸಾಮೀಪ್ಯವಲ್ಲ, ಕಡಲಿನ ನೀರಿನ ನಿಲುಕಡೆ. 1961ರಲ್ಲಿಯೇ ಇಂಡೋನೇಷಿಯದ ಲೀ ಚಿನ್ ಎಂಗ್ ಎಂಬಾತ, ಜೀವಿಗಳಿಂದ ತುಂಬಿದ ದಿಬ್ಬದ ಬಂಡೆಗಳನ್ನೂ ಗಾಳಿಯ ಗುಳ್ಳೆಗಳನ್ನೂ ನಂಬಿ ಮನೆಯ ತೊಟ್ಟಿಯಲ್ಲಿ ಹವಳಗಳನ್ನು ಉಳಿಸಿಕೊಂಡ ತನ್ನ ವಿಧಾನವನ್ನು ಬರೆದು ಪ್ರಕಟಿಸಿದ್ದನು. ಆತನ ಮನೆಯ ಬಳಿಯಲ್ಲಿ ಕಡಲಿತ್ತು. ಒಳನಾಡಿನವನು ಆ ಕಡಲನ್ನು ತಾನೇ ಕದಡಿ ಮಾಡಿಕೊಳ್ಳಬೇಕು.

ಮೊದಲು ಈ ಜೀವಿಯ ಪರಿಚಯವಾಗಲಿ. ನೋಡಲು ಗಿಡದಂತಿದ್ದರೂ ಮೆದುಹವಳವು ಪ್ರಾಣಿ. ಕಲ್ಲುಹವಳಕ್ಕಿರುವಂತೆ ಇದಕ್ಕೆ ಗಟ್ಟಿಯಾದ ಸುಣ್ಣದ ಗೂಡಿಲ್ಲ. ಮಾಂಸದೊಳಗೆ ಸಣ್ಣ ಸಣ್ಣ ಸುಣ್ಣದ ಕಣಗಳು ಹುದುಗಿರುತ್ತವೆ, ಅಷ್ಟೆ. ಮೈಮೇಲೆ ಅರಳುವ ಒಂದೊಂದು ಹೂವೂ ಒಂದೊಂದು ಬಾಯಿ. ಅದರ ಸುತ್ತ ಗರಿಯಂತಹ ಎಂಟು ತೋಳುಗಳು. ಮನೆಗಳಲ್ಲಿ ಸಾಕುವ ಬಹುಪಾಲು ಜಾತಿಗಳ ಮೈಯಲ್ಲಿ ಕಣ್ಣಿಗೆ ಕಾಣದ ಪಾಚಿ ವಾಸವಾಗಿರುತ್ತದೆ. ಬೆಳಕಿನಲ್ಲಿ ಆ ಪಾಚಿ ಅಡುಗೆ ಮಾಡಿ ಹಾಕುತ್ತದೆ, ಹವಳ ಉಣ್ಣುತ್ತದೆ. ನೀರಿನ ಬಿಸಿ ಮಿತಿಮೀರಿದರೆ ಈ ಒಕ್ಕಲು ಮುರಿದು, ಪಾಚಿ ಹೊರಬಿದ್ದು, ಹವಳ ಬಿಳಿಚಿಕೊಳ್ಳುತ್ತದೆ. 1998ರಲ್ಲಿ, ಮತ್ತೆ 2010 ಮತ್ತು 2016ರಲ್ಲಿ ಲಕ್ಷದ್ವೀಪದ ದಿಬ್ಬಗಳಿಗೆ ಬಂದೊದಗಿದ ವಿಪತ್ತು ಇದೇ. ಅಷ್ಟು ದೊಡ್ಡ ಕಡಲಿಗೇ ತಾಳಲಾಗದುದನ್ನು ನೂರು ಲೀಟರಿನ ತೊಟ್ಟಿ ತಾಳುವುದೆಂತು? ಏಪ್ರಿಲ್ ತಿಂಗಳಿನ ಮಧ್ಯಾಹ್ನ ಹಿರೇಕೆರೂರಿನ ಬೀದಿಯಲ್ಲಿ ನಡೆದವರಿಗೆ ಈ ಪ್ರಶ್ನೆಯ ತೂಕ ತಿಳಿದೀತು. ನೀರು 24ರಿಂದ 27 ಡಿಗ್ರಿಯೊಳಗಿರಬೇಕು. ನೀರಿನ ಮೇಲ್ಮೈಗೆ ಸಣ್ಣ ಪಂಖವನ್ನು ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುವುದುಂಟು. ಆದರೆ ನೀರು ಆವಿಯಾಗಿ ಉಪ್ಪು ಉಳಿಯುತ್ತದೆಯಾದುದರಿಂದ, ತಗ್ಗಿದಷ್ಟನ್ನು ಪ್ರತಿದಿನವೂ ಸಿಹಿನೀರಿನಿಂದಲೇ ತುಂಬಬೇಕು. ಉಪ್ಪುನೀರನ್ನು ತುಂಬಿದವನ ತೊಟ್ಟಿ ವಾರದೊಳಗೆ ಉಪ್ಪಿನಕಾಯಿಯ ಭರಣಿಯಾದೀತು. ವಿದ್ಯುತ್ತು ನಿಂತಾಗ ನೀರಿನ ಚಲನೆಯೂ ನಿಲ್ಲುವುದರಿಂದ ಬ್ಯಾಟರಿಯಿಂದ ನಡೆಯುವ ಗಾಳಿಯಂತ್ರವೊಂದು ಮನೆಯಲ್ಲಿರಲೇಬೇಕು.

ಇನ್ನು ಸಿಹಿನೀರು ಯಾವುದು? ಕೊಳವೆಬಾವಿಯ ನೀರಿನಲ್ಲಿ ನೆಲದ ಲವಣಗಳೂ ಹೊಲದ ಗೊಬ್ಬರದ ಅಂಶವೂ ಕರಗಿರುವ ಸಂಭವವುಂಟು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಸೋಸುವ ಯಂತ್ರದಿಂದ ಶುದ್ಧಮಾಡಿದ ನೀರು ಉತ್ತಮ. ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲಿಗೆ ಇಲ್ಲೊಂದು ಅನುಕೂಲವಿದೆ: ಮೊದಲ ಮಳೆಗಳಲ್ಲಿ ಹಂಚು ತೊಳೆದುಹೋದ ಬಳಿಕ ಹಿಡಿದ ಮಳೆಯ ನೀರು ಬಹಳ ಮೆದು, ಇದ್ದಿಲಿನಲ್ಲಿ ಸೋಸಿದರೆ ಕೆಲಸಕ್ಕೆ ಬಂದೀತು. ಆದರೆ ಅದನ್ನು ಹಿಡಿದಿಡುವ ಪಾತ್ರೆಯ ವಿಷಯದಲ್ಲಿ ಮನೆಯ ಹಿರಿಯರಿಗೆ ವಿನಯದಿಂದ ಒಂದು ಮಾತು ಹೇಳಬೇಕಾಗುತ್ತದೆ. ತಾಮ್ರದ ಹಂಡೆ ಬೇಡ. ಕುಡಿಯುವವರಿಗೆ ಶ್ರೇಷ್ಠವೆಂದು ಎಣಿಸಿದ ತಾಮ್ರವು ನೀರಿನಲ್ಲಿ ಎಳ್ಳಿನಷ್ಟು ಕರಗಿದರೂ ಹವಳಕ್ಕೆ ವಿಷ. ತೊಟ್ಟಿಯ ಬಳಿ ಸೊಳ್ಳೆಯ ಔಷಧವನ್ನು ಸಿಂಪಡಿಸುವುದೂ ಸಲ್ಲದು.

ಉಪ್ಪಿನದು ಇನ್ನೊಂದು ತೊಡಕು. ಕುಮಟೆಯಿಂದ ಗೋಕರ್ಣದ ಕಡೆಗೆ ಹೋಗುವವರಿಗೆ ಸಾಣಿಕಟ್ಟೆಯ ಆಗರಗಳು ಕಾಣಬರುತ್ತವೆ. ಕಡಲಿನ ನೀರನ್ನು ಬಿಸಿಲಿಗೆ ಹರಡಿ ಉಪ್ಪನ್ನು ರಾಶಿ ಹಾಕುವ ಆ ನೋಟ ಮನೋಹರವಾದುದು. ಕಡಲಿನಿಂದ ಬಂದ ಉಪ್ಪನ್ನು ಮತ್ತೆ ನೀರಿಗೆ ಹಾಕಿದರೆ ಕಡಲೇ ಆಗಬೇಕಲ್ಲವೆ ಎಂದು ಯಾರಿಗಾದರೂ ತೋರುವುದು ಸಹಜ. ಹಾಗಾಗುವುದಿಲ್ಲ. ಹರಳುಗಟ್ಟುವುದು ಮುಖ್ಯವಾಗಿ ಅಡುಗೆಯ ಉಪ್ಪು. ಮೆಗ್ನೀಸಿಯಮ್ ಮೊದಲಾದವುಗಳಲ್ಲಿ ಹೆಚ್ಚಿನ ಪಾಲು ಉಳಿದ ಕಹಿನೀರಿನಲ್ಲಿಯೇ ನಿಲ್ಲುತ್ತದೆ. ಆದುದರಿಂದ ಎಲ್ಲ ಲವಣಗಳನ್ನೂ ಲೆಕ್ಕದಂತೆ ಬೆರೆಸಿದ ಅಕ್ವೇರಿಯಂ ಉಪ್ಪನ್ನೇ ಕೊಳ್ಳಬೇಕು. ಲೀಟರಿಗೆ 35 ಗ್ರಾಂ. ನೂರು ಲೀಟರಿಗೆ ಮೂರೂವರೆ ಕಿಲೋ. ಬೆರೆಸಿದೊಡನೆ ಹವಳವನ್ನು ಬಿಡುವಂತೆಯೂ ಇಲ್ಲ. ಕೊಳೆಯನ್ನು ತಿಂದು ತೀರಿಸುವ ಸೂಕ್ಷ್ಮಜೀವಿಗಳು ತೊಟ್ಟಿಯಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರಗಳಾದರೂ ಬೇಕು. ಈ ಕಾಯುವಿಕೆಯಲ್ಲಿ ತಾಳ್ಮೆಗೆಟ್ಟ ಮನೆಗಳಲ್ಲಿಯೇ ಹವಳ ಮೊದಲು ಸಾಯುವುದು.

ಸವಣೂರಿನ ಎಲೆತೋಟದವರಿಗೆ ಮುಂದಿನ ವಿಷಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ವೀಳ್ಯದ ಬಳ್ಳಿಯನ್ನು ಬೀಜದಿಂದ ಬೆಳೆಸುವವರಿಲ್ಲ. ಬಳ್ಳಿಯ ತುಂಡನ್ನು ನೆಡುತ್ತಾರೆ. ತೊಗಲು ಹವಳವೆಂಬ ಮೆದುಹವಳವೂ ಹಾಗೆಯೇ. ಹರಿತವಾದ ಅಲಗಿನಿಂದ ಒಂದು ಚೂರನ್ನು ಕೊಯ್ದು ಕಲ್ಲಿಗೆ ಕಟ್ಟಿದರೆ, ಕೆಲವು ವಾರಗಳಲ್ಲಿ ಅದು ಕಚ್ಚಿಕೊಂಡು ಬೇರೆಯೇ ಜೀವಿಯಾಗುತ್ತದೆ. ಇದೇ ಊರಿನ ದೊಡ್ಡಹುಣಸೆಮಠದಲ್ಲಿ ಆಫ್ರಿಕಾ ಮೂಲದ ಮೂರು ಭಾರಿ ಬಾವೊಬಾಬ್ ಮರಗಳಿವೆ. ದೂರದಿಂದ ಬಂದ ಜೀವ ಪರನೆಲದಲ್ಲಿ ನೂರಾರು ವರ್ಷ ಬಾಳಿದ್ದಕ್ಕೆ ಅವೇ ಸಾಕ್ಷಿ. ಅವುಗಳಲ್ಲೊಂದು 2023ರ ಮಳೆಗಾಲದಲ್ಲಿ ಉರುಳಿದಾಗ ಅದನ್ನು ಎತ್ತಿ ಮರಳಿ ನೆಡಲಾಯಿತು.

ತುಂಡಿನಿಂದ ಬೆಳೆಯುತ್ತದೆಂಬುದು ಕೇವಲ ಕುತೂಹಲದ ಸಂಗತಿಯಲ್ಲ. ಅಂಗಡಿಯ ಹವಳವು ಯಾವುದೋ ದಿಬ್ಬದಿಂದ ಕಿತ್ತುತಂದದ್ದೋ, ತೊಟ್ಟಿಯಲ್ಲಿಯೇ ತುಂಡಿನಿಂದ ಬೆಳೆಸಿದ್ದೋ ಎಂದು ಕೇಳುವ ಹಕ್ಕು ಕೊಳ್ಳುವವನಿಗುಂಟು. ಕೇಳುವುದು ಅವನ ಕರ್ತವ್ಯವೂ ಹೌದು. ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳನ್ನೂ, ಕಪ್ಪುಹವಳ ಹಾಗೂ ಬೆಂಕಿಹವಳಗಳನ್ನೂ, ಮೆದುಹವಳದ ಬಳಗಕ್ಕೇ ಸೇರಿದ ಬೀಸಣಿಗೆ ಹವಳ ಮತ್ತು ಕೊಳಲು ಹವಳಗಳನ್ನೂ 2001ರಲ್ಲಿ ಭಾರತದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಹುಲಿಗಿರುವ ರಕ್ಷಣೆಯೇ ಅವುಗಳಿಗೂ ಇದೆ. ಲೀ ಚಿನ್ ಎಂಗ್ ನಂಬಿದಂಥ ಬಂಡೆಯೂ ಹಳೆಯ ಹವಳದ ಗೂಡೇ ಆದುದರಿಂದ, ಇಲ್ಲಿನವನು ಅದರ ಬದಲು ಸುಟ್ಟ ಮಣ್ಣಿನ ರಂಧ್ರಗಲ್ಲುಗಳನ್ನು ಇಟ್ಟು ಸೂಕ್ಷ್ಮಜೀವಿಗಳನ್ನು ನೆಲೆಗೊಳಿಸಬೇಕು.

ಹವಳ ಮನೆಗೆ ಬಂದ ಮೇಲೆ ಗಾಬರಿಪಡಿಸುವ ಒಂದು ದಿನ ಬಂದೇ ಬರುತ್ತದೆ. ತೊಗಲು ಹವಳ ಇದ್ದಕ್ಕಿದ್ದಂತೆ ಮುದುಡಿಕೊಂಡು, ಮೇಣದಂತಹ ಪೊರೆಯಿಂದ ಹೊಳೆಯುತ್ತದೆ. ಅದು ಸತ್ತಿರುವುದಿಲ್ಲ, ಪೊರೆ ಕಳಚುತ್ತಿರುತ್ತದೆ. ನೀರಿನ ಸೆಳೆತವನ್ನು ತುಸು ಹೆಚ್ಚಿಸಿ ಕೆಲವು ದಿನ ಕಾದರೆ ತಾನಾಗಿಯೇ ಅರಳುತ್ತದೆ. ಕೊಳೆತ ನಾತ ಬಂದು ಮಾಂಸ ಕರಗತೊಡಗಿದರೆ ಮಾತ್ರ ಆ ಭಾಗವನ್ನು ಕತ್ತರಿಸಿ ತೆಗೆಯಬೇಕು. ಮೆದುಹವಳಗಳು ನೆರೆಯವರ ಮೇಲೆ ರಾಸಾಯನಿಕ ಯುದ್ಧ ಹೂಡುವುದರಿಂದ ಸೋಸುವಿಕೆಯಲ್ಲಿ ಇದ್ದಿಲನ್ನಿಟ್ಟು, ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರನ್ನು ಬದಲಿಸುವುದು ಲೇಸು. ಇವುಗಳ ಜೊತೆಯಲ್ಲಿ ಮಾರುವ ಜೋಯಾಂಥಿಡ್ ಎಂಬ ಗುಂಡಿಯಾಕಾರದ ಜೀವಿಗಳಲ್ಲಿ ಕೆಲವಕ್ಕೆ ಮನುಷ್ಯನನ್ನೂ ಆಸ್ಪತ್ರೆಗೆ ಅಟ್ಟುವಂತಹ ವಿಷವುಂಟು. ಕೈಗವಸಿಲ್ಲದೆ ಅವನ್ನು ಮುಟ್ಟಬಾರದು. ಅವು ಕುಳಿತ ಕಲ್ಲನ್ನು ಕುದಿಯುವ ನೀರಿಗೆ ಎಂದೆಂದಿಗೂ ಹಾಕಬಾರದು. ಮಕ್ಕಳಿರುವ ಮನೆಯಲ್ಲಿ ಅವು ಇಲ್ಲದಿರುವುದೇ ವಾಸಿ.

ಶಿಗ್ಗಾವಿಯ ಹೆದ್ದಾರಿಯಲ್ಲಿ ಓಡುವ ವಾಹನಗಳು ಹುಬ್ಬಳ್ಳಿಯಿಂದ ಅಂಗಡಿಯ ಹವಳವನ್ನು ಒಂದೆರಡು ಗಂಟೆಯಲ್ಲಿ ತಂದುಕೊಟ್ಟಾವು. ಅದರ ಸ್ವಂತ ಮನೆಯನ್ನು ಕಾಣಬೇಕೆನ್ನುವವರು ಮಾತ್ರ ಘಟ್ಟವಿಳಿದು ಮುರ್ಡೇಶ್ವರಕ್ಕೆ ಹೋಗಬೇಕು. ಅಲ್ಲಿಂದ ಸುಮಾರು 19 ಕಿಲೋಮೀಟರ್ ದೂರದ ಕಡಲಿನಲ್ಲಿ ಹೃದಯದಾಕಾರದ ನೇತ್ರಾಣಿ ದ್ವೀಪವಿದೆ. ಅದರ ಬುಡದ ಬಂಡೆಗಳ ಮೇಲೆ ಹವಳಗಳು, ಅವುಗಳ ಸಂದಿನಲ್ಲಿ ಚಿಟ್ಟೆಮೀನುಗಳು, ಗಿಳಿಮೀನುಗಳು. ಮುಳುಗುವವರಿಗೆ ಮೊದಲೇ ಎಚ್ಚರಿಸಲಾಗುತ್ತದೆ: ನೋಡಬಹುದು, ಮುಟ್ಟಬಾರದು. ಮಳೆಗಾಲದಲ್ಲಿ ಕಡಲು ಕೆರಳುವುದರಿಂದ ಅಲ್ಲಿಗೆ ದೋಣಿಗಳು ಹೊರಡುವುದಿಲ್ಲ. ಹಾನಗಲ್ಲಿನ ಹಂಚಿನ ಮಾಡುಗಳಿಂದ ತೊಟ್ಟಿಗೆ ಬೇಕಾದ ಮೆದುನೀರು ಸುರಿಯುವುದೂ ಅದೇ ತಿಂಗಳುಗಳಲ್ಲಿ.